ಅಪ್ಪಯ್ಯನ ಮೂಗಿಗೆ ಸಿಗದದ್ದು

ನನ್ನ ಅಣ್ಣನನ್ನು ಎರಡು ಸಲ ಬಾಗಿಲಿನಿಂದ ಹಿಂದಕ್ಕೆ ಕಳಿಸಿದವರು ನೀವು. ಈ ನಗರದ ಆರೋಗ್ಯದ ಹೊಣೆ ಹೊತ್ತು, ಅದಕ್ಕಾಗಿಯೇ ಕೊಠಡಿ, ಮೇಜು, ಮೊಹರು, ವಾಹನಗಳನ್ನು ಪಡೆದವರು ನೀವು. ಅವನು ಬಾಯಿಬಿಟ್ಟು ತನ್ನ ಕಾಯಿಲೆಯ ಹೆಸರು ಹೇಳಿದ. ಅದನ್ನು ಬರೆದುಕೊಳ್ಳಲು ನಿಮ್ಮ ದಾಖಲೆಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಕೊಕೇನ್ ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿ, ಅವುಗಳ ಹಿಂದೆ ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುವ ಇಲಾಖೆ ಬೇರೆ, ನಮ್ಮದು ಬೇರೆ ಎಂದು ನೀವು ಹೇಳಬಹುದು. ಗೊತ್ತು. ನಾನು ಕೇಳುತ್ತಿರುವುದೂ ಅದನ್ನೇ. ಪೊಟ್ಟಣಕ್ಕೆ ಒಂದು ಇಲಾಖೆ ಇದೆ. ಪೊಟ್ಟಣ ಖಾಲಿಯಾದ ಮೇಲೆ ಉಳಿಯುವ ಮನುಷ್ಯನಿಗೆ ಯಾವ ಇಲಾಖೆ?

ಈ ಪ್ರಶ್ನೆಯನ್ನು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದು ಕಳಿಸಿದ್ದೇನೆ. ತಲುಪಿದೆ ಎಂಬುದಕ್ಕೆ ಮೊಹರು ಬಿದ್ದ ಚೀಟಿ ಬಂತು, ಉತ್ತರ ಬರಲಿಲ್ಲ. ಈಗ ಕನ್ನಡದಲ್ಲಿ ಬರೆಯುತ್ತಿರುವುದು ನಮ್ಮವರೂ ಓದಲಿ ಎಂದು. ತಲೆಮಾರುಗಳಿಂದ ಚೆನ್ನೈಯಲ್ಲಿ ಇಡ್ಲಿ ಬೇಯಿಸಿಕೊಂಡು ಬಂದ, ಮನೆಯಲ್ಲಿ ಯಾರಿಗಾದರೂ ಹೇಳಿಕೊಳ್ಳಲಾಗದ ಕಾಯಿಲೆ ಬಂದರೆ "ಊರಿಗೆ ಹೋಗಿದ್ದಾನೆ" ಎಂದು ಮಾತು ಮುಗಿಸುವ ನಮ್ಮ ಕರಾವಳಿಯ ಹೋಟೆಲಿನವರು ಓದಲಿ ಎಂದು. ಈ ಆಪಾದನೆಯಲ್ಲಿ ನಮ್ಮ ಪಾಲೂ ಇದೆ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ, ನಾಳೆ ಅದೇ ನಿಮಗೆ ನೆಪವಾಗದಿರಲಿ.

ನಮ್ಮ ಹೋಟೆಲು ಇರುವುದು ಪುರಸೈವಾಕ್ಕಂನ ಜವಳಿ ಅಂಗಡಿಗಳ ಹಿಂದಿನ ಬೀದಿಯಲ್ಲಿ. ಸೀರೆ ಆರಿಸಿ ಸುಸ್ತಾದವರು ಚೀಲಗಳನ್ನು ಕಾಲಿನ ಬಳಿ ಒತ್ತಿಟ್ಟುಕೊಂಡು ಕಾಫಿ ಕುಡಿಯುವ ಜಾಗ. ಶುರುಮಾಡಿದ್ದು ಅಜ್ಜ. ಅವರ ಕಾಲದಲ್ಲಿ ಕುಡಿದು ಬಂದ ಅಡುಗೆಯವರೊಬ್ಬರು ಕುದಿಯುವ ಸಾಂಬಾರಿನ ಕೊಪ್ಪರಿಗೆಗೆ ಮುಗ್ಗರಿಸಿ ಕೈ ಸುಟ್ಟುಕೊಂಡರಂತೆ. ಮರುದಿನದಿಂದ ಅಜ್ಜ ಒಂದು ಕ್ರಮ ತಂದರು. ಬೆಳಗಿನ ಪಾಳಿ ಶುರುವಾಗುವಾಗ ಅಡುಗೆಮನೆಯ ಹೊಸ್ತಿಲಲ್ಲಿ ಧಣಿ ನಿಲ್ಲಬೇಕು. ಒಳಗೆ ಹೋಗುವ ಪ್ರತಿಯೊಬ್ಬರೂ ಧಣಿಯ ಮುಖದೆದುರು ಬಾಯಿ ತೆರೆದು "ಹಾ" ಎನ್ನಬೇಕು. ಹೆಂಡದ ವಾಸನೆಯೋ ಬೀಡಿಯ ವಾಸನೆಯೋ ಬಂದರೆ ಆ ದಿನ ಒಲೆ ಮುಟ್ಟುವಂತಿಲ್ಲ. ಅಜ್ಜ ಹೋದ ಮೇಲೆ ಆ ಜಾಗದಲ್ಲಿ ಅಪ್ಪಯ್ಯ ನಿಂತರು. ಮಕ್ಕಳೆಂದು ಅಣ್ಣನಿಗೂ ನನಗೂ ವಿನಾಯಿತಿ ಇರಲಿಲ್ಲ.

ನಮ್ಮ ಹಿರಿಯ ಅಡುಗೆ ಭಟ್ಟರಿಗೆ ಇದೊಂದು ದಿನನಿತ್ಯದ ವಿನೋದ. "ಧಣೀ, ಸ್ವಲ್ಪ ಹತ್ರ ಬನ್ನಿ, ಎಡಗಡೆ ದವಡೆಯೂ ಒಮ್ಮೆ ನೋಡಿಬಿಡಿ, ಹಲ್ಲಿನ ಡಾಕ್ಟ್ರತ್ರ ಹೋಗುದು ತಪ್ತದೆ" ಎನ್ನುತ್ತಿದ್ದರು.

"ಮುಚ್ಚಿ ಮಾರಾಯ್ರೆ," ಅಪ್ಪಯ್ಯ ಮುಖ ತಿರುಗಿಸುತ್ತಿದ್ದರು. "ನಿನ್ನೆಯ ಮೂಲಂಗಿ ಇನ್ನೂ ಅಲ್ಲೇ ಉಂಟು."

ನಮ್ಮ ಮನೆಯ ಮರ್ಯಾದೆಯೆಲ್ಲ ಆ ಹೊಸ್ತಿಲ ಮೇಲೆ ನಿಂತಿತ್ತು. ನೆಂಟರು ಬಂದರೆ ಅಪ್ಪಯ್ಯ ಎದೆಯುಬ್ಬಿಸಿ ಹೇಳುತ್ತಿದ್ದ ಮಾತು ಒಂದೇ: ನನ್ನ ಮೂಗು ದಾಟಿ ಒಂದು ಚಟ ಒಳಗೆ ಹೋದದ್ದಿಲ್ಲ.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಅಡುಗೆಯನ್ನು ಮೂಗಿನಿಂದ ಕಲಿತವನು. ರುಚಿ ನೋಡದೆಯೇ, ಆವಿಗೆ ಮುಖವೊಡ್ಡಿ, ಸಾರಿಗೆ ಎಷ್ಟು ಹುಳಿ ಬೇಕೆಂದು ಹೇಳುತ್ತಿದ್ದ. ಹೋಟೆಲಿನ ಜೊತೆಗೆ ಸಮುದ್ರದ ದಂಡೆಯ ದೊಡ್ಡ ಮದುವೆ, ಕಂಪನಿಗಳ ಕೂಟಗಳಿಗೆ ಸಸ್ಯಾಹಾರದ ಊಟ ಒದಗಿಸುವ ಕೆಲಸವನ್ನು ಅವನೇ ಹುಟ್ಟುಹಾಕಿದ. ಮೂರು ದಿನದ ಮದುವೆ ಎಂದರೆ ಮೂರು ದಿನವೂ ನಿಂತೇ ಇರಬೇಕು. ಅಂಥ ಒಂದು ಮದುವೆಯಲ್ಲಿ, ಮಂಟಪ ಕಟ್ಟಿಸುವ ತಂಡದ ಮೇಲ್ವಿಚಾರಕನೊಬ್ಬ ಅಣ್ಣನ ಕೆಂಪು ಕಣ್ಣು ನೋಡಿ, ಸ್ನೇಹದಿಂದಲೇ, ಒಂದು ಚಿಟಿಕೆ ಬಿಳಿ ಪುಡಿ ಕೊಟ್ಟ. ಆಮೇಲೆ ಅಣ್ಣ ನನಗೆ ಹೇಳಿದ: "ಆ ದಿನ ಎಂಟುನೂರು ಜನಕ್ಕೆ ಬಡಿಸಿದೆ ಮಾರಾಯ್ತಿ, ಒಂದು ಎಲೆ ಕೂಡ ತಪ್ಪಿಲ್ಲ. ನನಗೆ ನಾನೇ ದೇವರ ಹಾಗೆ ಕಂಡೆ." ಈ ಕಥೆ ಕೇಳಿದವರೆಲ್ಲ ಮೊದಲು ಕೇಳುವುದು ಆ ಪುಡಿಯ ಬೆಲೆಯನ್ನು. ನಾನದನ್ನು ಇಲ್ಲಿ ಬರೆಯುವುದಿಲ್ಲ. ಜ್ವರ ಬಂದವನನ್ನು ಯಾರೂ ಬೆಲೆ ಕೇಳುವುದಿಲ್ಲ.

ಮಂಗಳವಾರ ನಮ್ಮಲ್ಲಿ ಸಾಂಬಾರು ಪುಡಿಗೆ ಮೆಣಸು ಹುರಿಯುವ ದಿನ. ಘಾಟಿಗೆ ಬೀದಿಯ ಆಚೆಯ ದರ್ಜಿಯವರೂ ಸೀನುತ್ತಾರೆ. ಆದ್ದರಿಂದ ಅಣ್ಣನ ಮೂಗು ಸೋರಿದಾಗ ಯಾರೂ ತಿರುಗಿ ನೋಡಲಿಲ್ಲ. ಮೂಗಿನಿಂದ ರಕ್ತ ಬಂದಾಗ ಅಮ್ಮ "ಉಷ್ಣ" ಎಂದರು. ಲಾವಂಚ ಹಾಕಿದ ನೀರು, ಎಳನೀರು, ಮಧ್ಯಾಹ್ನದ ಊಟಕ್ಕೆ ಒಂದೆಲಗದ ತಂಬುಳಿ. ಅವನು ಒಣಗಿದ ಕೋಲಿನಂತಾದಾಗ ದೃಷ್ಟಿ ತೆಗೆದರು. ಒಂದು ದಿನ ಮಿಂಚಿನಂತೆ ಓಡಾಡಿ ಮರುದಿನ ಗೋಡೆಗೆ ಮುಖಮಾಡಿ ಮಲಗಿದರೆ ಜಾತಕ ತೋರಿಸಿದರು. ನಮ್ಮಲ್ಲಿ ಇಲ್ಲದ ಮದ್ದಿರಲಿಲ್ಲ. ಕೇಳಬೇಕಾದ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ಅವನು ಹೊಸ್ತಿಲಲ್ಲಿ "ಹಾ" ಎನ್ನುತ್ತಿದ್ದ, ಅಪ್ಪಯ್ಯ ತಲೆಯಾಡಿಸುತ್ತಿದ್ದರು. ಕೊಕೇನಿಗೆ ಬಾಯಲ್ಲಿ ವಾಸನೆಯಿಲ್ಲ. ಇಡೀ ಮನೆತನ ಕಾವಲು ಕಾದ ಬಾಗಿಲಿನಿಂದಲೇ ಅದು ದಿನವೂ ಒಳಗೆ ಹೋಯಿತು.

ಹೊರಬಿದ್ದದ್ದು ಹಾಲಿನಿಂದ. ಒಂದು ಬೆಳಿಗ್ಗೆ ಕಾಫಿಯ ಹಾಲು ತಳ ಹಿಡಿಯಿತು. ಸೀದ ವಾಸನೆ ಬೀದಿಯವರೆಗೆ ಬಂತು. ಒಳಗೆ ಕಾಲಿಡುತ್ತಿದ್ದ ಗಿರಾಕಿಯೊಬ್ಬರು ಮೂಗು ಮುಚ್ಚಿಕೊಂಡು ವಾಪಸು ಹೋದರು. ನಾನು ಓಡಿ ಹೋಗಿ ನೋಡುತ್ತೇನೆ, ಅಣ್ಣ ಆ ಪಾತ್ರೆಯ ಎದುರೇ ನಿಂತಿದ್ದಾನೆ, ಸೌಟಿನಿಂದ ನಿಧಾನವಾಗಿ ಕದಡುತ್ತಿದ್ದಾನೆ, ನನ್ನನ್ನು ಕಂಡು ನಗುತ್ತಿದ್ದಾನೆ. ಅವನಿಗೆ ತಿಳಿದೇ ಇರಲಿಲ್ಲ.

ಅಂದು ಮಧ್ಯಾಹ್ನ ಭಟ್ಟರು ನನ್ನನ್ನು ತರಕಾರಿ ಕೋಣೆಗೆ ಕರೆದರು.

"ತಂಗೀ, ಒಂದು ಮಾತು. ಅಣ್ಣನ ಮೂಗು ಸತ್ತಿದೆ. ಮೆಣಸಿನ ಘಾಟಿಗೆ ಮೂಗು ಸಾಯುದಿಲ್ಲ. ಹಾಗಾಗುದಾದ್ರೆ ನಂದು ಯಾವತ್ತೋ ಹೋಗ್ಬೇಕಿತ್ತು."

"ಮತ್ತೆ ಎಂತದು ಭಟ್ರೇ?"

"ಆ ಬೀಚಿನ ಮದುವೆಯಲ್ಲಿ, ಪರದೆಯ ಹಿಂದೆ, ತಟ್ಟೆಯಲ್ಲಿ ಬಿಳಿ ಪುಡಿ ಇಟ್ಕೊಂಡಿದ್ದ. ನಾನು ಸೋಡಾಪುಡಿ ಅಂತ ಎಣಿಸಿದೆ. ಬೋಂಡಕ್ಕೆ ಹಾಕುದು ಬಿಟ್ಟು ಇವ ಯಾಕೆ ಮೂಗಿಗೆ ಹಾಕ್ತಾನೆ ಅಂತ ಆಮೇಲೆ ತಲೆಗೆ ಹೋಯ್ತು."

"ಅಪ್ಪಯ್ಯನಿಗೆ ಹೇಳಿದ್ರಾ?"

"ಎಂತ ಹೇಳುದು? ದಿನಾ ಅವರೇ ಮೂಸಿ ಪಾಸ್ ಮಾಡ್ತಾರಲ್ಲ."

ನಾನು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವಳು. ಸಾರ್ವಜನಿಕ ಆರೋಗ್ಯದ ಬಗ್ಗೆ ಅಡಿಟಿಪ್ಪಣಿಗಳ ಸಮೇತ ಪ್ರಬಂಧ ಬರೆದವಳು. ಆ ಮಾತು ಕಿವಿಗೆ ಬಿದ್ದ ಮೇಲೆ ಒಂದು ವಾರ ಸುಮ್ಮನಿದ್ದೆ. ಸರಿಯಾದ ಸಮಯಕ್ಕೆ ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ಪಾಲಿನ ತಪ್ಪು ಅದು. ಅದಕ್ಕೆ ಯಾರೂ ನನ್ನ ಪರವಾಗಿ ವಾದಿಸಬೇಕಿಲ್ಲ.

ಮುಂದಿನ ಭಾನುವಾರ, ಬೆಳಗಿನ ಹನ್ನೊಂದರ ಗದ್ದಲದಲ್ಲಿ, ಅಣ್ಣ ಕಾಫಿ ಕಟ್ಟೆಯ ಮೇಲೆ ಮೊಣಕೈಯೂರಿ ಬಾಗಿದ. ಅಂಗಿ ಬೆವರಿನಿಂದ ತೊಯ್ದಿತ್ತು. ಎದೆಯ ಮೇಲೆ ಅಂಗೈ.

"ಗ್ಯಾಸು," ಅಪ್ಪಯ್ಯ ಎಂದರು. "ಓಮದ ನೀರು ಕೊಡಿ ಅವನಿಗೆ. ರಾತ್ರಿ ಬಟಾಟೆ ತಿಂದಿದ್ದಾನೆ."

ಆಟೋ ಕರೆದದ್ದು ಭಟ್ಟರು. ದೊಡ್ಡ ಸರಕಾರಿ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಎಳೆಯ ವಯಸ್ಸಿನ ವೈದ್ಯೆಯೊಬ್ಬರು ಅವನ ಎದೆಗೆ ತಂತಿಗಳನ್ನು ಅಂಟಿಸುತ್ತಲೇ ಕೇಳಿದರು: "ಡ್ರಗ್ಸ್ ಏದಾವದು ಎಡುತ್ತಾರಾ?" ಡ್ರಗ್ಸ್ ಏನಾದರೂ ತೆಗೆದುಕೊಂಡಿದ್ದಾರಾ ಎಂದು. ಅಮ್ಮ ತಮಿಳಿನಲ್ಲಿ ಶುರುಮಾಡಿ ಗಾಬರಿಯಲ್ಲಿ ಕನ್ನಡಕ್ಕೆ ಜಾರಿದರು. "ಇಲ್ಲೇ ಇಲ್ಲಮ್ಮಾ, ನಮ್ಮದು ಶುದ್ಧ ಮನೆ. ಏಕಾದಶಿಗೆ ನೀರುಳ್ಳಿ ಕೂಡ ಒಳಗೆ ಬರುದಿಲ್ಲ." ಅಪ್ಪಯ್ಯ ಮುಂದೆ ಬಂದು, ಪ್ರಮಾಣ ಮಾಡುವವರಂತೆ, "ನಾನೇ ದಿನಾ ಬಾಯಿ ಮೂಸಿ ನೋಡ್ತೇನೆ ಡಾಕ್ಟ್ರೇ" ಎಂದರು. ವೈದ್ಯೆ ನನ್ನತ್ತ ನೋಡಿದರು. ನನಗೆ ಗೊತ್ತಿತ್ತು. ನನ್ನ ಬಾಯಿ ತೆರೆಯಲಿಲ್ಲ.

ಮಂಚದ ಮೇಲಿಂದ ಅಣ್ಣನೇ ಹೇಳಿದ: "ಕೊಕೇನ್, ಡಾಕ್ಟರ್. ಬೆಳಿಗ್ಗೆ ಒಂದ್ಸಲ. ಈಗ ಸ್ವಲ್ಪ ಮುಂಚೆ ಇನ್ನೊಂದ್ಸಲ."

ಅಪ್ಪಯ್ಯ ತಮ್ಮ ಮೂಗನ್ನು ಮುಟ್ಟಿಕೊಂಡರು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಆ ಕೈಯನ್ನು ನಾನು ಮರೆಯಲಾರೆ.

ಆ ವೈದ್ಯೆಗೆ ನಾನು ಋಣಿ. ಗದರಲಿಲ್ಲ, ಉಪದೇಶ ಮಾಡಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ಹೇಳದಿದ್ದರೆ ಬೇರೆ ಮದ್ದು ಕೊಡುತ್ತಿದ್ದೆ, ಅದರಿಂದ ಅಪಾಯವಾಗಬಹುದಿತ್ತು ಎಂದರು. ಎಳೆಯರ ಹೃದಯವನ್ನೂ ಈ ಪುಡಿ ಹಿಂಡಿಬಿಡುತ್ತದೆ, ಮುಂದಿನ ಸಲ ಆಸ್ಪತ್ರೆಗೆ ಬರುವಷ್ಟು ಸಮಯ ಸಿಗದೆ ಹೋಗಬಹುದು, ಚಟ ಬಿಡಿಸುವ ಚಿಕಿತ್ಸೆಗೆ ತಡಮಾಡದೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿಯ ಶಾಯಿ ಆರುವ ಮೊದಲೇ ಆಸ್ಪತ್ರೆಯ ಹೊರಠಾಣೆಯ ಪೊಲೀಸ್ ಪೇದೆಯೊಬ್ಬರು ಮಂಚದ ಪಕ್ಕ ನಿಂತಿದ್ದರು. "ಯಾರು ಕುಡುತ್ತಾ? ಪೇರ್ ಸೊಲ್ಲು." ಕೊಟ್ಟವರ ಹೆಸರು ಹೇಳು ಎಂದು. ಅಣ್ಣನ ಮುಖದ ಮೇಲೆ ಆಮ್ಲಜನಕದ ಮುಸುಕಿತ್ತು. ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆಯ ದಾರಿಯನ್ನು ಕಾನೂನಿನಲ್ಲೇ ಇಟ್ಟಿದ್ದಾರೆಂದು ನಾನು ಆಮೇಲೆ ಗ್ರಂಥಾಲಯದಲ್ಲಿ ಕೂತು ಓದಿ ತಿಳಿದುಕೊಂಡೆ. ಅದನ್ನು ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲು ನಿಮಗೆ ಏನು ಅಡ್ಡಿ?

ಚೀಟಿ ಹಿಡಿದು ಚಟ ಬಿಡಿಸುವ ಸರಕಾರಿ ಕೇಂದ್ರಕ್ಕೆ ಹೋದೆವು. ಕಿಟಕಿಯ ಹಿಂದಿನ ಗುಮಾಸ್ತರು ತಲೆಯೆತ್ತದೆ ಕೇಳಿದರು: "ಕುಡಿ ಕೇಸಾ?"

"ಇಲ್ಲೈ ಸಾರ್."

"ಗಾಂಜಾ?"

"ಇಲ್ಲೈ. ಕೊಕೇನ್."

ಲೇಖನಿ ಕೆಳಗಿಟ್ಟು ಅವರು ಅಣ್ಣನ ಸವೆದ ಚಪ್ಪಲಿಯಿಂದ ಶುರುಮಾಡಿ ತಲೆಯವರೆಗೆ ನೋಡಿದರು. "ಅದು ಸಿನಿಮಾಕಾರಂಗ ವ್ಯಾದಿಯಾಚ್ಚೇ!" ಸಿನಿಮಾದವರಿಗೆ ಬರುವ ಕಾಯಿಲೆಯಲ್ಲವೇ ಅದು ಎಂಬ ಆಶ್ಚರ್ಯ.

"ನಾನ್ ಇಡ್ಲಿಕಾರನ್ ಸಾರ್," ಅಣ್ಣ ಎಂದ. "ಮೊದಲ್ಲ ಸಿನಿಮಾವುಲ ಸೇರ್ಂದುಟ್ಟು ವರಣುಮಾ?" ಮೊದಲು ಹೋಗಿ ಸಿನಿಮಾ ಸೇರಿ ಬರಬೇಕೇ ಎಂದು.

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತರಿಗೆ ನಗು ಬರಲಿಲ್ಲ. ಪುಸ್ತಕದಲ್ಲಿ ಮದ್ಯಕ್ಕೆ ಒಂದು ಅಂಕಣ, ಗಾಂಜಾಕ್ಕೆ ಒಂದು, ಮಾತ್ರೆಗಳಿಗೆ ಒಂದು ಇತ್ತು. ಇದಕ್ಕೆ ಇಲ್ಲಿ ಆಗುವುದಿಲ್ಲ, ಖಾಸಗಿಗೆ ಹೋಗಿ, ಇಲ್ಲವೇ ಕುಡಿತ ಎಂದು ಬರೆಸಿ, ಹಾಸಿಗೆ ಕೊಡುತ್ತೇನೆ ಎಂದರು. ದಯೆಯಿಂದಲೇ ಹೇಳಿದರು ಎಂದು ಈಗ ಅನ್ನಿಸುತ್ತದೆ. ಅವರ ದಯೆಗೂ ನೀವು ಅಷ್ಟೇ ಜಾಗ ಬಿಟ್ಟಿದ್ದಿರಿ.

ಬೆಂಚಿನ ಮೇಲೆ ಕಾಸಿಮೇಡು ಬಂದರಿನ ಹೆಂಗಸೊಬ್ಬರು ಕೂತಿದ್ದರು. ಬೆಳಗಿನ ಮೀನು ಹರಾಜು ಮುಗಿಸಿ ನೇರವಾಗಿ ಬಂದವರು, ಪಕ್ಕದಲ್ಲಿ ಅವರ ತಮ್ಮ. ನಾವು ಯಾರೆಂದು ಕೇಳಿ ತಿಳಿದು ಗಲ್ಲಕ್ಕೆ ಕೈಯಿಟ್ಟುಕೊಂಡರು. "ಅಡಿ ಆತ್ತೀ! ಸಾಂಬಾರ್ ವೀಟ್ಟುಲಯುಮಾ?" ಸಾಂಬಾರಿನ ಮನೆಗೂ ಬಂತೇ ಎಂದು. ಆಮೇಲೆ ತಗ್ಗಿದ ದನಿಯಲ್ಲಿ ತಮ್ಮನ ಕಥೆ ಹೇಳಿದರು. ಅವನು ಬೀಚಿನ ಕೂಟಗಳಿಗೆ ಧ್ವನಿವರ್ಧಕ ಕಟ್ಟುವವನು. ಅದೇ ಪುಡಿ. ಹೋದ ವಾರ ನಿಜ ಹೇಳಿದ್ದಕ್ಕೆ ಹಿಂದೆ ಕಳಿಸಿದ್ದರು. ಈ ವಾರ "ಕುಡೀನ್ನು ಎಳುದಿಟ್ಟೇನ್", ಕುಡುಕ ಎಂದು ಬರೆಸಿಬಿಟ್ಟಿದ್ದಾರೆ. ಆ ತಮ್ಮ ಹುಟ್ಟಿದಾಗಿನಿಂದ ಒಂದು ಹನಿ ಮದ್ಯ ಮುಟ್ಟಿದವನಲ್ಲ. ಕುಡುಕರಿಗೆ ಕೊಡುವ ಚಿಕಿತ್ಸೆ ಅವನಿಗೆ ಅಂದಿನಿಂದ ಶುರು.

ನಿಮ್ಮ ವಾರ್ಷಿಕ ವರದಿಗಳಲ್ಲಿ ಈ ಕಾಯಿಲೆ ಏಕೆ ಕಾಣುವುದಿಲ್ಲ ಎಂಬುದು ನನಗೆ ಆ ಬೆಂಚಿನ ಮೇಲೆ ತಿಳಿಯಿತು. ಹೇಳಿದವರನ್ನು ಹಿಂದೆ ಕಳಿಸುತ್ತೀರಿ, ಸುಳ್ಳು ಹೇಳಿದವರನ್ನು ಸೇರಿಸಿಕೊಳ್ಳುತ್ತೀರಿ, ವರ್ಷದ ಕೊನೆಗೆ ಪುಸ್ತಕ ನೋಡಿ "ನಮ್ಮಲ್ಲಿ ಅಂಥದ್ದೇನಿಲ್ಲ" ಎನ್ನುತ್ತೀರಿ. ನೀವೂ ನಮ್ಮ ಅಪ್ಪಯ್ಯನ ಹಾಗೆಯೇ ಹೊಸ್ತಿಲಲ್ಲಿ ನಿಂತಿದ್ದೀರಿ. ಗೊತ್ತಿರುವ ವಾಸನೆಯನ್ನೇ ಹುಡುಕುತ್ತಿದ್ದೀರಿ. ಅಪ್ಪಯ್ಯನಿಗೆ ಆ ವಿದ್ಯೆ ಇರಲಿಲ್ಲ. ನಿಮಗೆ ವಿದ್ಯೆಯೂ ಇದೆ, ಸಂಬಳವೂ ಇದೆ.

"ನಾವೂ ಹಾಗೇ ಬರೆಸುವನಾ?" ನಾನು ಅಣ್ಣನನ್ನು ಕೇಳಿದೆ. ನಾಚಿಕೆಯಿಲ್ಲದೆ ಕೇಳಿದೆ, ಹಾಸಿಗೆ ಬೇಕಿತ್ತು.

"ಬೇಡ. ಒಂದ್ಸಲ ನಿಜ ಹೇಳಿ ಬದುಕಿದ್ದೇನೆ. ಸುಳ್ಳು ಬರೆಸಿ ಸಾಯುದಿಲ್ಲ."

ಹೊರಡುವಾಗ ಕಾಸಿಮೇಡಿನ ಅಕ್ಕ ನನ್ನ ಮಣಿಕಟ್ಟು ಹಿಡಿದು ಹೇಳಿದರು: "ನೀ ಪಡಿಚ್ಚ ಪೊಣ್ಣು. ಕತ್ತು. ಕತ್ತಿನಾತ್ತಾನ್ ಕೇಪಾಂಗ." ಓದಿದ ಹುಡುಗಿ ನೀನು, ಕೂಗು, ಕೂಗಿದರೆ ಮಾತ್ರ ಕೇಳುತ್ತಾರೆ ಎಂದು. ಈ ಬರಹ ಅವರ ಮಾತಿನಿಂದ ಹುಟ್ಟಿದ್ದು.

ಆಮೇಲೆ ನಮ್ಮವರ ಸರದಿ. ನೆಂಟರು ಸಭೆ ಸೇರಿ, ನಗರದ ಹೊರಗಿನ ಖಾಸಗಿ ಆಶ್ರಯವೊಂದಕ್ಕೆ ಅಣ್ಣನನ್ನು ಸೇರಿಸಿದರು. ಕೇಳಿದವರಿಗೆಲ್ಲ "ಊರಿಗೆ ಹೋಗಿದ್ದಾನೆ" ಎಂದಾಯಿತು. ಅಲ್ಲಿ ತಲೆ ಬೋಳಿಸಿದರು, ಮೊಬೈಲು ಕಿತ್ತುಕೊಂಡರು, ಎದುರು ಮಾತಾಡಿದ ದಿನ ಬಿಸಿಲಿನಲ್ಲಿ ನಿಲ್ಲಿಸಿದರು. ವೈದ್ಯರೆಂಬವರು ಇರಲಿಲ್ಲ. ನಲವತ್ತು ದಿನಗಳ ನಂತರ ಮರಳಿದ ಅಣ್ಣನಿಗೆ ಅಮ್ಮ ಆರತಿ ಎತ್ತಿದರು. ಮೂರನೆಯ ವಾರ ಅವನು ಮತ್ತೆ ಪುಡಿಗೆ ಮರಳಿದ. ಈ ಸಲ ಅವನೇ ಬಂದು ನನಗೆ ಹೇಳಿದ, ನಾವು ಮತ್ತೆ ನಿಮ್ಮ ಕೇಂದ್ರದ ಬಾಗಿಲಿಗೆ ಹೋದೆವು. ಆಪ್ತಸಮಾಲೋಚಕರ ಹುದ್ದೆ ಖಾಲಿ ಎಂಬ ಕಾಗದ ಅಂಟಿಸಿದ್ದರು. ಕಿಟಕಿಯ ಹಿಂದೆ ಅದೇ ಗುಮಾಸ್ತರು, ಅದೇ ಪುಸ್ತಕ, ಅದೇ ಅಂಕಣಗಳು. ಎರಡನೆಯ ಸಲವೂ ನಾವು ಮೆಟ್ಟಿಲಿಳಿದೆವು.

ಈ ಕಾಯಿಲೆಗೆ ನುಂಗಿದ ಕೂಡಲೇ ವಾಸಿಮಾಡುವ ಮಾತ್ರೆಯಿಲ್ಲವೆಂದು ನನಗೆ ಗೊತ್ತು. ಬೇಕಾದದ್ದು ತರಬೇತಾದ ಮನುಷ್ಯರು, ವಾರವಾರವೂ ಕೂತು ಮಾತಾಡುವ ವ್ಯವಧಾನ, ಹೃದಯದ ತಪಾಸಣೆ, ಮತ್ತೆ ಎಡವಿ ಬಂದವನನ್ನು ಮತ್ತೆ ಕೂರಿಸಿಕೊಳ್ಳುವ ಕುರ್ಚಿ. ಇದು ಅಸಾಧ್ಯವಾದದ್ದೇನಲ್ಲ. ಕ್ಷಯಕ್ಕೆ ಮಾಡಿದ್ದೀರಿ, ಕುಡಿತಕ್ಕೂ ಅಷ್ಟಿಷ್ಟು ಮಾಡಿದ್ದೀರಿ.

ಅಣ್ಣ ಈಗ ಕೀಲ್ಪಾಕ್‌ನ ನಮ್ಮ ಮನೆಯಲ್ಲಿದ್ದಾನೆ. ತನ್ನ ಹಲ್ಲು ತಾನೇ ಕಚ್ಚಿಕೊಂಡು ದಿನ ತಳ್ಳುತ್ತಿದ್ದಾನೆ. ಮದುವೆಯ ಕೆಲಸ ಬಿಟ್ಟಿದ್ದಾನೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುವುದನ್ನು ಅಪ್ಪಯ್ಯ ನಿಲ್ಲಿಸಿದ್ದಾರೆ. ಅದರ ಬದಲು ದಿನವೂ ಹೋಟೆಲಿಗೆ ಹೊರಡುವ ಮೊದಲು ಡಿಕಾಕ್ಷನ್ನಿನ ಲೋಟವನ್ನು ಅಣ್ಣನ ಮೂಗಿನ ಹತ್ತಿರ ಹಿಡಿಯುತ್ತಾರೆ.

"ಬಂತಾ?"

"ಇಲ್ಲ ಅಪ್ಪಯ್ಯ."

ಕಳೆದ ವಾರ ಮಾತ್ರ ಅಣ್ಣ ಲೋಟವನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು, "ಚಿಕೋರಿ ಜಾಸ್ತಿ ಆಯ್ತಾ ಹೇಗೆ?" ಎಂದ. ಅವನಿಗೆ ನಿಜವಾಗಿ ವಾಸನೆ ಬಂತೋ, ಅಪ್ಪನನ್ನು ಸಂತೋಷಪಡಿಸಲು ಹೇಳಿದನೋ ನನಗೆ ತಿಳಿಯದು. ಅಪ್ಪಯ್ಯ ಹೋಗಿ ಡಬ್ಬಿಯ ಕಾಫಿಪುಡಿಯನ್ನೆಲ್ಲ ಸುರಿದು ಬೇರೆ ಬೆರೆಸಿದರು.

ಇದನ್ನು ಬರೆಯಲೇ ಎಂದು ಅಣ್ಣನನ್ನು ಕೇಳಿದ್ದೆ. "ಬರಿ. ಆದ್ರೆ ಪಾಪ ಅಂತ ಮಾತ್ರ ಬರೀಬೇಡ" ಎಂದ. ಆಮೇಲೆ ಹೇಳಿದ: "ಒಂದು ಬಾಗಿಲು ತೋರಿಸು. ನಾನು ಯಾವ ಹೆಸರು ಹೇಳ್ತೇನೋ ಅದೇ ಹೆಸರು ಬರ್ಕೊಳ್ಳುವ ಬಾಗಿಲು. ಅವತ್ತೇ ಬರ್ತೇನೆ." ಮುಂದಿನ ಸಲ ಸಮಯ ಸಿಗದೆ ಹೋಗಬಹುದು ಎಂಬ ವೈದ್ಯೆಯ ಮಾತು ನಮ್ಮಿಬ್ಬರ ನಡುವೆ ಆಗಲೂ ಇತ್ತು, ಈಗಲೂ ಇದೆ.

ಆದ್ದರಿಂದ, ಈ ನಗರದ ಸಾರ್ವಜನಿಕ ಆರೋಗ್ಯದ ಹೊಣೆ ಹೊತ್ತ ಅಧಿಕಾರಿಗಳಲ್ಲಿ, ತೆರಿಗೆ ಕಟ್ಟುವ ಒಂದು ಮನೆಯ ಮಗಳಾಗಿ, ವಿಧಿವತ್ತಾಗಿ ಕೇಳಿಕೊಳ್ಳುತ್ತೇನೆ. ಕೊಕೇನ್ ಅವಲಂಬನೆಯನ್ನು ಅದರ ಹೆಸರಿನಿಂದಲೇ ದಾಖಲಿಸುವ ಅಂಕಣವನ್ನು ಪ್ರತಿಯೊಂದು ಸರಕಾರಿ ಚಿಕಿತ್ಸಾ ಕೇಂದ್ರದ ಪುಸ್ತಕದಲ್ಲಿ ತೆರೆಯಬೇಕು. ಖಾಲಿ ಇರುವ ಆಪ್ತಸಮಾಲೋಚಕರ ಹುದ್ದೆಗಳನ್ನು ತುಂಬಿ, ಅವರಿಗೆ ಈ ಕಾಯಿಲೆಯ ತರಬೇತಿ ಕೊಡಬೇಕು. ತಾನಾಗಿ ಬಂದು ನಿಜ ಹೇಳಿದ ರೋಗಿಯ ಮಂಚದ ಬಳಿ ಚಿಕಿತ್ಸೆ ಮುಗಿಯುವ ಮೊದಲೇ ಪೊಲೀಸರು ನಿಲ್ಲದಂತೆ ಲಿಖಿತ ಆದೇಶ ಹೊರಡಿಸಬೇಕು. ತಲೆ ಬೋಳಿಸುವುದನ್ನೇ ಚಿಕಿತ್ಸೆ ಎನ್ನುವ ಖಾಸಗಿ ಆಶ್ರಯಗಳನ್ನು ಪರಿಶೀಲಿಸಿ, ಕಂಡದ್ದನ್ನು ಪ್ರಕಟಿಸಬೇಕು. ಕುಡುಕರೆಂದು ಬರೆಸಿಕೊಂಡು ನಿಮ್ಮ ಹಾಸಿಗೆಗಳ ಮೇಲೆ ಈಗಾಗಲೇ ಮಲಗಿರುವವರನ್ನು, ಶಿಕ್ಷೆಯ ಭಯವಿಲ್ಲದೆ, ಇನ್ನೊಮ್ಮೆ ಕೇಳಬೇಕು.

ಇವುಗಳಲ್ಲಿ ಯಾವುದನ್ನು ಯಾವಾಗ ಮಾಡುತ್ತೀರಿ, ಯಾವುದನ್ನು ಮಾಡಲಾರಿರಿ, ಏಕೆ ಎಂಬುದನ್ನು ಬರಹದಲ್ಲಿ ತಿಳಿಸಿ. ತಲುಪಿದೆ ಎಂಬ ಚೀಟಿ ನನ್ನಲ್ಲಿ ಈಗಾಗಲೇ ಇದೆ, ಇನ್ನೊಂದು ಬೇಡ. ನಿಮ್ಮ ಉತ್ತರದಲ್ಲಿ ಒಂದು ಬಾಗಿಲಿನ ವಿಳಾಸವಿರಲಿ, ಅದು ತೆರೆದಿರುವ ಹೊತ್ತು ಇರಲಿ. ಅದು ಕೈಗೆ ಬಂದ ದಿನವೇ ಅಣ್ಣನೂ ನಾನೂ ಅಲ್ಲಿರುತ್ತೇವೆ.